ಎರಡು ಮನೆಯ ಪರಸಿ, ಇಬ್ಬರ ಆಟ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮೀಣ ಯುವಜನತೆ’ ಎಂದು ಅಚ್ಚಾಗಿದೆ. ಸಮಿತಿಯವರ ಕ್ಷಮೆ ಕೇಳಿ ಅದನ್ನು ಪಕ್ಕಕ್ಕೆ ಇಡುತ್ತೇನೆ. ಕಂಪ್ಯೂಟರ್ ವಿಷಯ ನನಗಿಂತ ಈ ಮಕ್ಕಳ ಕೈಯಲ್ಲಿರುವ ಮೊಬೈಲಿಗೇ ಚೆನ್ನಾಗಿ ಗೊತ್ತು. ನಾನು ಇವತ್ತು ಒಂದು ಆಟ ತಂದಿದ್ದೇನೆ. ಅದಕ್ಕೆ ಕರೆಂಟು ಬೇಡ, ನೆಟ್‌ವರ್ಕ್ ಬೇಡ. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿ, ಹಳೆಯ ಕಡ್ಡಿಪೆಟ್ಟಿಗೆಯ ರಟ್ಟು ಕತ್ತರಿಸಿಕೊಂಡರೆ ಸಾಕು.

ಅಷ್ಟೂರಿನವರಿಗೆ ಬಿಲ್ಲೆ ಜೋಡಿಸುವ ಕೆಲಸ ಹೊಸದೇನಲ್ಲ. ನಮ್ಮ ಗೋರಿಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅಹ್ಮದ್ ಷಾ ವಲಿಯ ಗೋರಿಯ ಒಳಗಿನ ಬಣ್ಣದ ಚಿತ್ತಾರ ನೋಡಿ ಬೆರಗಾಗುತ್ತಾರೆ. ಅದರ ಪಕ್ಕದಲ್ಲೇ ಅವನ ಮಗ, 1436ರಿಂದ 1458ರ ವರೆಗೆ ಆಳಿದ ಅಲಾವುದ್ದೀನ್ ಅಹ್ಮದ್ ಷಾನ ಗೋರಿಯ ಮುಂಭಾಗದಲ್ಲಿ ಬಣ್ಣದ ಟೈಲ್ಸ್ ಇವೆ. ಬಹಳಷ್ಟು ಉದುರಿವೆ, ಆದರೂ ಉಳಿದವುಗಳ ನೀಲಿ ಇನ್ನೂ ಮಾಸಿಲ್ಲ. ಬೀದರಿನ ಒಳಗೆ 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದಲ್ಲೂ ಅದೇ ಕೆಲಸ. ಆ ಕುಶಲಿಗರು ಒಂದು ಬಿಲ್ಲೆಯ ಪಕ್ಕ ಇನ್ನೊಂದು ಬಿಲ್ಲೆ ಹೇಗೆ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ ಎಂದು ಲೆಕ್ಕ ಹಾಕಿಯೇ ಕೈಗೆ ಗಾರೆ ತೆಗೆದುಕೊಂಡಿರಬೇಕು. ನಮ್ಮ ಮನೆಗಳಲ್ಲಿ ಆ ನೀಲಿ ಇಲ್ಲ. ನಮಗೆ ಶಹಾಬಾದಿನ ಪರಸಿ. ಬೇಸಿಗೆಯಲ್ಲಿ ಅದರ ಮೇಲೆ ನೀರು ಚೆಲ್ಲಿ ಅಂಗಾತ ಮಲಗುವ ಸುಖ ಬೆಂಗಳೂರಿನ ಯಾವ ಫ್ಲ್ಯಾಟಿನಲ್ಲೂ ಸಿಗುವುದಿಲ್ಲ.

ಈಗ ಆಟ. ಚೌಕ ಮನೆಗಳ ಒಂದು ಪಟ ಬರೆಯಿರಿ. ಆರು ಸಾಲು, ಸಾಲಿಗೆ ಆರು ಮನೆ ಎಂದಿಟ್ಟುಕೊಳ್ಳಿ. ಎರಡು ಮನೆ ಮುಚ್ಚುವಷ್ಟು ಉದ್ದದ ಬಿಲ್ಲೆಗಳು ಬೇಕು. ಅದನ್ನು ಇವತ್ತಿನ ಮಟ್ಟಿಗೆ ಪರಸಿ ಎನ್ನೋಣ. ಇಬ್ಬರು ಆಡುವವರು. ಒಬ್ಬರಾದ ಮೇಲೆ ಒಬ್ಬರು ಒಂದೊಂದು ಪರಸಿ ಇಡಬೇಕು. ಅಡ್ಡಲಾಗಿ ಇಡಬಹುದು, ಉದ್ದಲಾಗಿ ಇಡಬಹುದು, ಆದರೆ ಎರಡು ಖಾಲಿ ಮನೆಗಳ ಮೇಲೆ ಸರಿಯಾಗಿ ಕೂಡಬೇಕು. ಇಟ್ಟದ್ದನ್ನು ಸರಿಸುವಂತಿಲ್ಲ. ಯಾರ ಪಾಳಿ ಬಂದಾಗ ಇಡಲು ಜಾಗ ಇಲ್ಲವೋ ಅವರು ಸೋತರು. ಇಷ್ಟೇ ನಿಯಮ. ಹುಲಿ-ಕುರಿಗಿಂತ ಸುಲಭ, ಚೌಕಾಬಾರದ ಹಾಗೆ ಕವಡೆಯ ಅದೃಷ್ಟವೂ ಇಲ್ಲ. ಒಂದನೆಯ ತರಗತಿಯ ಮಗು ಎರಡು ನಿಮಿಷದಲ್ಲಿ ಕಲಿಯುತ್ತದೆ.

ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಎಂಬ ಲೇಖಕರು 1974ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಈ ಆಟದ ಬಗ್ಗೆ ಬರೆದರು. ಅವರು ಅದನ್ನು ಕ್ರ್ಯಾಮ್ ಎಂದು ಕರೆದರು. ಕ್ರ್ಯಾಮ್ ಎಂದರೆ ಜಾಗ ಇಲ್ಲದಲ್ಲಿ ತುರುಕುವುದು. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಮಾತು. ತಮಾಷೆ ಎಂದರೆ, ಉರು ಹೊಡೆದು ಗೆಲ್ಲಲಾಗದ ಆಟಕ್ಕೆ ಆ ಹೆಸರು ಬಂದಿದೆ.

ಯಾಕೆ ಉರು ಹೊಡೆಯಲಾಗದು? ನನ್ನ ಕಸುಬಿನ ಲೆಕ್ಕ ಹೇಳುತ್ತೇನೆ. ಐದು ಸಾಲು ಐದು ಮನೆಯ ಪಟದಲ್ಲಿ 25 ಮನೆಗಳಿವೆ. ಪ್ರತಿ ಮನೆ ಒಂದೋ ಖಾಲಿ, ಇಲ್ಲವೇ ತುಂಬಿದೆ. ಎರಡನ್ನು ಎರಡರಿಂದ ಹಾಗೆಯೇ 25 ಸಲ ಗುಣಿಸುತ್ತ ಹೋದರೆ 3,35,54,432. ಮೂರು ಕೋಟಿಯ ಮೇಲೆ. ಆಟದಲ್ಲಿ ನಿಜವಾಗಿ ಬರುವ ಸ್ಥಿತಿಗಳು ಇದಕ್ಕಿಂತ ಕಡಿಮೆ, ಆದರೂ ಕಂಪ್ಯೂಟರಿಗೆ ಇದು ಒಂದು ಕಪ್ ಚಹಾ ಕುಡಿಯುವಷ್ಟರ ಕೆಲಸ. ಈಗ ಚದುರಂಗದ ಪಟ ತೆಗೆದುಕೊಳ್ಳಿ, ಎಂಟು ಎಂಟಲ ಅರವತ್ನಾಲ್ಕು. ಅದೇ ಲೆಕ್ಕ ಹಾಕಿದರೆ ಬರುವ ಸಂಖ್ಯೆ 1,84,467 ಕೋಟಿ ಕೋಟಿಯನ್ನು ದಾಟುತ್ತದೆ. ಕೋಟಿ ಎಂದು ಎರಡು ಸಲ ಹೇಳಿದ್ದು ಬಾಯಿ ತಪ್ಪಿ ಅಲ್ಲ. ಒಂದೊಂದನ್ನೂ ನೋಡಿ ಬರೆದಿಟ್ಟುಕೊಳ್ಳುತ್ತೇನೆ ಎಂದರೆ ಕಂಪ್ಯೂಟರ್ ಕೂಡ ಕೈ ಎತ್ತುತ್ತದೆ.

ಆದರೆ ಮಕ್ಕಳೇ, ಎಂಟು ಎಂಟರ ಪಟದಲ್ಲಿ ಯಾರು ಗೆಲ್ಲಬೇಕು ಎಂಬುದನ್ನು ಏಳನೆಯ ತರಗತಿಯವರು ಈ ಚಾಪೆಯ ಮೇಲೆ ಕುಳಿತೇ ಹೇಳಬಹುದು. ಎರಡನೆಯದಾಗಿ ಆಡುವವರು ಗೆಲ್ಲುತ್ತಾರೆ. ಉಪಾಯ ಇದು: ಎದುರಿನವರು ಎಲ್ಲಿ ಇಡುತ್ತಾರೋ, ಅದಕ್ಕೆ ಸರಿಯಾಗಿ ಎದುರು ಬದಿಯಲ್ಲಿ ನೀವು ಇಡಿ. ಎದುರು ಬದಿ ಎಂದರೆ ಕನ್ನಡಿಯಲ್ಲಿ ಕಾಣುವಂತೆ ಎಡಕ್ಕೆ ಬಲ ಅಲ್ಲ, ಅದು ಸೋಲಿನ ದಾರಿ. ಗೋರಿಯ ಮುಂಭಾಗ ಎಡ ಬಲ ಒಂದೇ ಸಮ ಕಾಣುತ್ತದಲ್ಲ, ಆಟದಲ್ಲಿ ಹಾಗೆ ಮಾಡಿದರೆ ಎದುರಿನವರು ಪಟದ ನಟ್ಟನಡುವಿನ ಗೆರೆಯ ಮೇಲೆ ಒಂದು ಪರಸಿ ಅಡ್ಡ ಇಟ್ಟುಬಿಡುತ್ತಾರೆ. ಕನ್ನಡಿಯಲ್ಲಿ ಅದರ ಜೋಡಿ ಅದೇ! ನೀವು ಎಲ್ಲಿ ಇಡುತ್ತೀರಿ? ನಮಗೆ ಬೇಕಾದದ್ದು ಬೀಸುವ ಕಲ್ಲಿನ ಎದುರು ಬದಿ. ಕಲ್ಲಿನ ಗೂಟ ಅರ್ಧ ಸುತ್ತು ಹೋದರೆ ಎಲ್ಲಿಗೆ ಬರುತ್ತದೋ ಅಲ್ಲಿ. ಮೇಲಿನ ಎಡ ಮೂಲೆಗೆ ಕೆಳಗಿನ ಬಲ ಮೂಲೆ.

ಇದು ಯಾವಾಗಲೂ ನಡೆಯುತ್ತದೆ ಎಂದು ಹೇಗೆ ಹೇಳುವುದು? ಇಲ್ಲೇ ಗಣಿತ ಇರುವುದು, ದಯವಿಟ್ಟು ಒಂದು ನಿಮಿಷ ಗಮನ ಕೊಡಿ. ನೀವು ಇಟ್ಟು ಮುಗಿಸಿದಾಗಲೆಲ್ಲ ಪಟವನ್ನು ಅರ್ಧ ಸುತ್ತು ತಿರುಗಿಸಿದರೂ ಹಾಗೆಯೇ ಕಾಣುತ್ತದೆ. ಎದುರಿನವರು ಖಾಲಿ ಇರುವ ಎರಡು ಮನೆ ಹುಡುಕಿ ಇಟ್ಟರು. ಆ ಎರಡು ಮನೆ ಖಾಲಿ ಇದ್ದವೆಂದರೆ ಅವುಗಳ ಎದುರಿನ ಎರಡು ಮನೆಯೂ ಖಾಲಿ ಇರಲೇಬೇಕು. ಒಂದೇ ಭಯ, ಅವರು ಇಟ್ಟ ಪರಸಿಯೇ ಆ ಎದುರು ಮನೆಯನ್ನೂ ನುಂಗಿಬಿಟ್ಟಿದ್ದರೆ? ಹಾಗಾಗಲು ಪರಸಿಯ ನಡು ಪಟದ ನಟ್ಟನಡುವಿನ ಮೇಲೆ ಬರಬೇಕು. ಎರಡೂ ಬದಿ ಸಮ ಸಂಖ್ಯೆಯಾದರೆ ಪಟದ ನಟ್ಟನಡು ನಾಲ್ಕು ಮನೆಗಳು ಕೂಡುವ ಮೂಲೆಯಾಗಿರುತ್ತದೆ, ಪರಸಿಯ ನಡು ಎರಡು ಮನೆಗಳ ನಡುವಿನ ಗೆರೆಯ ಮಧ್ಯದಲ್ಲಿರುತ್ತದೆ. ಇವೆರಡೂ ಎಂದಿಗೂ ಕೂಡುವುದಿಲ್ಲ. ಆದ್ದರಿಂದ ಅವರಿಗೆ ಜಾಗ ಇದ್ದಷ್ಟು ಸಲ ನಿಮಗೂ ಜಾಗ ಇದೆ. ಮೊದಲು ಜಾಗ ಮುಗಿಯುವುದು ಅವರಿಗೇ. ಎಂಟು ಎಂಟಿರಲಿ, ನೂರು ನೂರಿರಲಿ, ಇದೇ ಮಾತು.

ಒಂದು ಬದಿ ಸಮ, ಒಂದು ಬದಿ ಬೆಸ ಆದರೆ? ಆಗ ಪಟದ ನಟ್ಟನಡುವೆ ಒಂದು ಪರಸಿ ಸರಿಯಾಗಿ ಕೂಡುತ್ತದೆ. ಮೊದಲು ಆಡುವವರು ಅಲ್ಲಿ ಇಟ್ಟುಬಿಡಬೇಕು, ಆಮೇಲೆ ಬೀಸುವ ಕಲ್ಲಿನ ಉಪಾಯ ಅವರದು. ಎರಡೂ ಬದಿ ಬೆಸ ಆದರೆ ನಟ್ಟನಡುವೆ ಒಂದು ಒಂಟಿ ಮನೆ ಬಂದು ಕೂಡುತ್ತದೆ, ಉಪಾಯವೆಲ್ಲ ಕೆಡುತ್ತದೆ. ಆಟದ ನಿಜವಾದ ರುಚಿ ಅಲ್ಲಿಂದ ಶುರು. ಮೂರು ಮೂರರ ಪಟ ತೆಗೆದುಕೊಂಡು ಮನೆಯಲ್ಲಿ ಆಡಿ ನೋಡಿ. ಮೊದಲಿನವರು ನಡುಮನೆಯನ್ನೂ ಅದರ ಮೇಲಿನ ಮನೆಯನ್ನೂ ಸೇರಿಸಿ ಇಟ್ಟರು ಎನ್ನಿ. ಉಳಿದದ್ದು ಕುದುರೆ ಲಾಳದ ಹಾಗೆ ಬಾಗಿದ ಏಳು ಮನೆಯ ದಾರಿ. ಎರಡನೆಯವರು ಲಾಳದ ತುದಿಯ ಒಂದು ಮನೆಯನ್ನು ಒಂಟಿಯಾಗಿ ಬಿಟ್ಟು ಅದರ ಪಕ್ಕದಲ್ಲಿ ಇಟ್ಟರೆ ಕೆಟ್ಟರು. ಉಳಿದ ನಾಲ್ಕು ಮನೆಗಳ ನಡುವಿನ ಎರಡರ ಮೇಲೆ ಎದುರಿನವರು ಇಟ್ಟರೆ ಆಟ ಮುಗಿಯಿತು. ಬೇರೆ ಎಲ್ಲಿ ಇಟ್ಟರೂ ಗೆಲುವು ಎರಡನೆಯವರದೇ. ಮೊದಲಿನವರು ಮೂಲೆಯಿಂದ ಶುರುಮಾಡಿದರೆ ಏನು ಮಾಡಬೇಕು ಎಂಬುದನ್ನು ನಾನು ಹೇಳುವುದಿಲ್ಲ. ಅಲ್ಲಿಯೂ ಎರಡನೆಯವರಿಗೆ ಗೆಲುವಿದೆ, ಹುಡುಕಿರಿ.

ಇದೇ ಆಟದ ಅಣ್ಣ ಒಬ್ಬನಿದ್ದಾನೆ. ಅದರಲ್ಲಿ ಒಬ್ಬರು ಉದ್ದಲಾಗಿ ಮಾತ್ರ ಇಡಬೇಕು, ಇನ್ನೊಬ್ಬರು ಅಡ್ಡಲಾಗಿ ಮಾತ್ರ. ಗೋರಾನ್ ಆಂಡರ್‌ಸನ್ ಎಂಬವರ ಕಲ್ಪನೆ, ಡಾಮಿನೀರಿಂಗ್ ಎಂದು ಹೆಸರಾಗಿದೆ. ಇಲ್ಲಿ ಎದುರಿನವರ ನಡೆಯನ್ನು ನಕಲು ಮಾಡಲು ಬರುವುದಿಲ್ಲ, ಅವರ ಅಡ್ಡ ನಿಮಗೆ ಉದ್ದವಾಗದು. ಇಲ್ಲಿನ ಜಾಣತನ ಬೇರೆ: ನಿಮಗೆ ಮಾತ್ರ ಹಿಡಿಸುವ, ಎದುರಿನವರಿಗೆ ಹಿಡಿಸದ ಇಕ್ಕಟ್ಟು ಜಾಗಗಳನ್ನು ಉಳಿಸಿಕೊಳ್ಳಬೇಕು. ಜೋಳದ ಹಗೇವು ಇದ್ದ ಹಾಗೆ, ಕೊನೆಗೆ ಬೇಕಾದಾಗ ತೆಗೆದರಾಯಿತು. ಎಂಟು ಎಂಟರ ಪಟದಲ್ಲಿ ಮೊದಲು ಆಡುವವರು ಗೆಲ್ಲಬಹುದೆಂದು ನೆದರ್ಲೆಂಡ್ಸ್‌ನ ಸಂಶೋಧಕರು 2000ದಲ್ಲಿ ಪ್ರಕಟಿಸಿದರು, ಅದೂ ಕಂಪ್ಯೂಟರಿನಲ್ಲಿ ಶೋಧಿಸಿ. ಇಂಥ ಆಟಗಳಿಂದಲೇ ಜಾನ್ ಕಾನ್ವೇ ಎಂಬ ಗಣಿತಜ್ಞರು 1976ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಅದರಲ್ಲಿ ಪಟದ ಒಂದೊಂದು ತುಂಡಿಗೂ ಬೆಲೆ ಕಟ್ಟುತ್ತಾರೆ. ಉದ್ದಕ್ಕೆ ಮೂರು ಖಾಲಿ ಮನೆ, ಮೇಲಿನ ಮನೆಯ ಪಕ್ಕಕ್ಕೆ ಇನ್ನೊಂದು. ಈ ನಾಲ್ಕು ಮನೆಯ ತುಂಡು ಉದ್ದಲಾಗಿ ಇಡುವವರಿಗೆ ಸರಿಯಾಗಿ ಅರ್ಧ ನಡೆಯಷ್ಟು ಲಾಭ. ಅರ್ಧ ನಡೆ ಎಂದರೆ ಏನು, ಅರ್ಧ ಪರಸಿ ಇಡಲು ಬರುತ್ತದೆಯೇ ಎಂದು ಕೇಳಬಹುದು. ಅಂಥವು ಎರಡಿದ್ದರೆ ಕೂಡಿ ಪೂರ್ತಿ ಒಂದು ನಡೆಯ ಲಾಭವಾಗುತ್ತದೆ, ಅದಕ್ಕೇ ಅರ್ಧ.

ನಮ್ಮ ಹಿರಿಯರು ಆಡುತ್ತಿದ್ದ ಸಾಲುಮನೆಗೂ ಈ ಪರೀಕ್ಷೆ ನಡೆದಿದೆ. ಒಂಬತ್ತು ಒಂಬತ್ತು ಕಾಯಿ ಹಿಡಿದು, ಒಂದರೊಳಗೊಂದು ಮೂರು ಚೌಕದ ಮೇಲೆ ಇಟ್ಟು, ಮೂರು ಕಾಯಿ ಸಾಲಾದರೆ ಎದುರಿನವರ ಒಂದು ಕಾಯಿ ಎತ್ತುವ ಆಟ. ರಾಲ್ಫ್ ಗ್ಯಾಸರ್ ಎಂಬವರು 1993ರಲ್ಲಿ ಕಂಪ್ಯೂಟರಿನಿಂದ ತೋರಿಸಿದ್ದು, ಇಬ್ಬರೂ ತಪ್ಪದೆ ಆಡಿದರೆ ಅದು ಸಮ ಸಮ. ಗುಡಿಯ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆವರೆಗೆ ಕೂತ ಅಜ್ಜಂದಿರಿಗೆ ಈ ಸುದ್ದಿ ತಲುಪಿಸಿದ್ದರೂ ಅವರು ಆಟ ಬಿಡುತ್ತಿರಲಿಲ್ಲ ಎನ್ನಿ.

ಈಗ ಮನೆಯ ವಿಷಯ. ಹೋದ ವರ್ಷ ಅಮ್ಮನಿಗಾಗಿ ಇಲ್ಲಿ ಮನೆ ರಿಪೇರಿ ಮಾಡಿಸಿದೆ. ಮುಂದಿನ ಪಡಸಾಲೆ ಎಂಟು ಅಡಿಗೆ ಎಂಟು ಅಡಿ. ಅದರ ಎದುರುಬದಿರು ಎರಡು ಮೂಲೆಗಳಲ್ಲಿ ಒಂದೊಂದು ಅಡಿ ಚೌಕದ ಕಂಬ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಕಲ್ಲು ತರಿಸಿದ್ದೆ. ಹಾಸಲು ಬಂದವನು ನನ್ನ ಜೊತೆ ಹತ್ತನೆಯ ತರಗತಿ ಓದಿದ ಗೆಳೆಯ. ಈಗ ಹೈದರಾಬಾದಿನಲ್ಲಿ ಟೈಲ್ಸ್ ಕೆಲಸದ ಗೌಂಡಿ. ಹಬ್ಬಕ್ಕೆ ಊರಿಗೆ ಬಂದಿದ್ದ. ಕಂಬ ಬಿಟ್ಟು ಉಳಿದದ್ದು 62 ಚದರ ಅಡಿ, ಒಂದು ಕಲ್ಲು ಎರಡು ಚದರ ಅಡಿ, 31 ಕಲ್ಲು ಸಾಕು, ಒಂದನ್ನೂ ಕತ್ತರಿಸಬೇಕಾಗಿಲ್ಲ ಎಂಬುದು ಅಂಗಡಿಯವನ ಲೆಕ್ಕ. ಗೆಳೆಯ ಬಾಗಿಲಲ್ಲಿ ನಿಂತು, ಕಂಬಗಳನ್ನು ನೋಡಿ, ಬೀಡಿ ಹಚ್ಚುವಷ್ಟರೊಳಗೆ ಅಂದ: “ಇದು ಕಟ್ ಮಾಡಲಾರದೆ ಕೂಡಂಗಿಲ್ಲ ನೋಡು. ಎಂಗ ಹಾಕಿದ್ರೂ ಕಡೀಕಿ ಎರಡು ಚೌಕ ಉಳಿತಾವ, ಆ ಎರಡೂ ಒಂದರ ಮಗ್ಗಲ ಒಂದು ಬರಂಗೇ ಇಲ್ಲ.”

ಮ್ಯಾಕ್ಸ್ ಬ್ಲ್ಯಾಕ್ ಎಂಬ ತತ್ವಶಾಸ್ತ್ರಜ್ಞರು 1946ರಲ್ಲಿ ತಮ್ಮ ತರ್ಕಶಾಸ್ತ್ರದ ಪುಸ್ತಕದಲ್ಲಿ ಕೊಟ್ಟ ಲೆಕ್ಕ ಇದೇ. ಚದುರಂಗದ ಪಟದ ಎದುರುಬದಿರು ಎರಡು ಮೂಲೆ ತೆಗೆದರೆ ಉಳಿದ 62 ಮನೆಯನ್ನು 31 ಜೋಡಿಬಿಲ್ಲೆಗಳಿಂದ ಮುಚ್ಚಬಹುದೇ? ಉತ್ತರ ಒಂದು ಉಸಿರಿನಲ್ಲಿ ಹೇಳಬಹುದು. ಪಟದಲ್ಲಿ ಕಪ್ಪು 32, ಬಿಳಿ 32. ಎದುರುಬದಿರು ಮೂಲೆಗಳು ಒಂದೇ ಬಣ್ಣದವು. ಅವು ಹೋದರೆ ಒಂದು ಬಣ್ಣ 30, ಇನ್ನೊಂದು 32. ಪ್ರತಿ ಬಿಲ್ಲೆ ಒಂದು ಕಪ್ಪು ಒಂದು ಬಿಳಿಯನ್ನು ಮುಚ್ಚುತ್ತದೆ. ಹಾಗಾಗಿ 30 ಬಿಲ್ಲೆ ಹಾಕಿದ ಮೇಲೂ ಒಂದೇ ಬಣ್ಣದ ಎರಡು ಮನೆ ಉಳಿಯುತ್ತವೆ, ಒಂದೇ ಬಣ್ಣದ ಮನೆಗಳು ಪಕ್ಕಪಕ್ಕ ಇರುವುದಿಲ್ಲ. ಗೆಳೆಯ ಹೇಳಿದ್ದಕ್ಕೂ ಇದಕ್ಕೂ ಏನಾದರೂ ವ್ಯತ್ಯಾಸ ಇದೆಯೇ? ಬಣ್ಣ ಎಂಬ ಮಾತೊಂದನ್ನು ಬಿಟ್ಟರೆ ಅವನು ಎಲ್ಲವನ್ನೂ ಹೇಳಿದ್ದ.

“ಇದು ನಿನಗ ಹ್ಯಾಂಗ ಗೊತ್ತಾತು?” ಅಂದೆ. “ಇಪ್ಪತ್ತು ವರ್ಸ ಹಾಸ್ಲಾಕತ್ತೀನಿ, ಗೊತ್ತಾಗಲ್ದೇನು” ಅಂದ. ಕಂಬಗಳು ಎದುರುಬದಿರಿನ ಬದಲು ಒಂದೇ ಸಾಲಿನ ಎರಡು ಮೂಲೆಗಳಲ್ಲಿದ್ದರೆ? “ಆಗ ಕೂಡ್ತದ.” ಅದೂ ಸರಿ. ಒಂದು ಕಪ್ಪು, ಒಂದು ಬಿಳಿ ಮನೆ ಎಲ್ಲಿಂದ ತೆಗೆದರೂ ಉಳಿದದ್ದನ್ನು ಪೂರ್ತಿ ಮುಚ್ಚಬಹುದೆಂದು ರಾಲ್ಫ್ ಗೋಮರಿ ಎಂಬ ಗಣಿತಜ್ಞರು ತೋರಿಸಿದ್ದಾರೆ. ಅರವತ್ನಾಲ್ಕೂ ಮನೆಗಳನ್ನು ಒಂದೊಂದು ಸಲ ಮುಟ್ಟಿ ಶುರುವಾದಲ್ಲಿಗೇ ಬರುವ ಒಂದು ದಾರಿ ಎಳೆಯಿರಿ. ಆ ದಾರಿಯಲ್ಲಿ ಕಪ್ಪು ಬಿಳಿ ಒಂದಾದ ಮೇಲೊಂದು ಬರುತ್ತವೆ. ಅದರಿಂದ ಒಂದು ಕಪ್ಪು, ಒಂದು ಬಿಳಿ ಕಿತ್ತರೆ ದಾರಿ ಎರಡು ತುಂಡಾಗುತ್ತದೆ, ಎರಡರಲ್ಲೂ ಸಮ ಸಂಖ್ಯೆಯ ಮನೆ. ದಾರಿ ಹಿಡಿದು ಎರಡೆರಡರಂತೆ ಪರಸಿ ಹಾಸುತ್ತ ಹೋದರಾಯಿತು.

ಈ ಗೆಳೆಯ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಫೇಲ್. ಮಾರ್ಚ್‌ನಲ್ಲಿ ಒಮ್ಮೆ, ಜೂನ್‌ನಲ್ಲಿ ಇನ್ನೊಮ್ಮೆ. ಆಮೇಲೆ ಹೈದರಾಬಾದಿನ ಬಸ್ಸು ಹತ್ತಿದ. “ನನಗ ಗಣಿತ ಬರಂಗಿಲ್ಲ” ಎಂದು ಅವನು ಇಂದಿಗೂ ಹೇಳುತ್ತಾನೆ, ಹೇಳುತ್ತಲೇ ಕೋಣೆಯ ಮೂಲೆಗಳನ್ನು ಕಣ್ಣಲ್ಲೇ ಅಳೆಯುತ್ತಾನೆ. ನಮ್ಮ ಊರುಗಳಲ್ಲಿ ಇಂಥವರು ಎಷ್ಟು ಜನ ಎಂದು ಇಲ್ಲಿ ಕುಳಿತವರಿಗೆ ನಾನು ಹೇಳಬೇಕಾಗಿಲ್ಲ. ಗಂಡು ಮಕ್ಕಳಾದರೆ ಗೌಂಡಿ ಕೆಲಸ, ಡ್ರೈವಿಂಗ್. ಹೆಣ್ಣು ಮಕ್ಕಳಾದರೆ ಆ ಫೇಲ್ ಎಂಬ ಒಂದು ಮಾತೇ ಮನೆಯಲ್ಲಿ ಮದುವೆಯ ಮಾತು ಎತ್ತಲು ಸಾಕು. ಗೌಂಡಿ ಕೆಲಸ ಸಣ್ಣದೆಂದು ನಾನು ಹೇಳುತ್ತಿಲ್ಲ, ಗೆಳೆಯ ನನಗಿಂತ ನೆಮ್ಮದಿಯಾಗಿದ್ದಾನೆ. ನನಗೆ ಕಾಡುವುದು ಅವನು ತನ್ನ ಬಗ್ಗೆ ಹೇಳಿಕೊಳ್ಳುವ ಆ ಒಂದು ವಾಕ್ಯ. ಅದು ಸುಳ್ಳು ಎಂದು ನನ್ನ ಪಡಸಾಲೆಯ ನೆಲದ ಮೇಲೆ ಸಾಕ್ಷಿ ಇದೆ.

ಕನ್ನಡದ ಗುರುಗಳು ಇದ್ದಾರೆ, ಅವರ ಪಾಲಿಗೂ ಒಂದು ಮಾತು. ಎರಡು ಮನೆ ಅಗಲದ ಉದ್ದನೆಯ ಪಟ್ಟಿಯನ್ನು ಪರಸಿಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು? ಪಟ್ಟಿಯ ಉದ್ದ ಒಂದು ಮನೆಯಾದರೆ ಒಂದು ಬಗೆ, ಎರಡಾದರೆ 2, ಮೂರಾದರೆ 3, ನಾಲ್ಕಾದರೆ 5, ಐದಾದರೆ 8. ಹಿಂದಿನ ಎರಡು ಕೂಡಿಸಿದರೆ ಮುಂದಿನದು. ಈಗ ಛಂದಸ್ಸಿನ ಪಾಠ ನೆನಪು ಮಾಡಿಕೊಳ್ಳಿ. ನೆಟ್ಟಗೆ ನಿಂತ ಒಂದು ಪರಸಿಯನ್ನು ಲಘು ಎನ್ನಿ, ಒಂದರ ಮೇಲೊಂದು ಅಡ್ಡ ಮಲಗಿದ ಜೋಡಿಯನ್ನು ಗುರು ಎನ್ನಿ. ಲಘು ಒಂದು ಮಾತ್ರೆ, ಗುರು ಎರಡು. ಕಂದ ಪದ್ಯದ ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ? ಐದು. ಪಟ್ಟಿಯ ಲೆಕ್ಕ, ಗಣದ ಲೆಕ್ಕ ಒಂದೇ. ಯುರೋಪಿನಲ್ಲಿ ಫಿಬೊನಾಚಿ ಈ ಸಂಖ್ಯೆಗಳನ್ನು 1202ರ ಪುಸ್ತಕದಲ್ಲಿ ಮೊಲಗಳ ಲೆಕ್ಕವಾಗಿ ಬರೆಯುವ ಮೊದಲೇ ನಮ್ಮ ಛಂದಶ್ಶಾಸ್ತ್ರಜ್ಞರು, 12ನೇ ಶತಮಾನದ ಹೇಮಚಂದ್ರ ಸೇರಿ, ಮಾತ್ರೆ ಎಣಿಸುತ್ತ ಇದನ್ನು ಹೇಳಿದ್ದರು. ಷಟ್ಪದಿಗೆ ಪ್ರಸ್ತಾರ ಹಾಕುವ ಮಗು ಗಣಿತವನ್ನೇ ಮಾಡುತ್ತಿದೆ, ಅದನ್ನು ಯಾರೂ ಅದಕ್ಕೆ ಹೇಳಿಲ್ಲ ಅಷ್ಟೆ. ಎರಡು ಮನೆ ಪಟ್ಟಿ ಬಿಟ್ಟು ಇಡೀ ಚದುರಂಗದ ಪಟಕ್ಕೆ ಹೋದರೆ ಪರಸಿ ತುಂಬುವ ಬಗೆಗಳು 1,29,88,816. ಇದಕ್ಕೆ ಸೂತ್ರ ಸಿಕ್ಕಿದ್ದು 1961ರಲ್ಲಿ, ಅದೂ ಭೌತಶಾಸ್ತ್ರದವರಿಂದ.

ನಾನು ಬೀದರಿನಲ್ಲಿ ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನನಗೆ ಸಂಬಳ ತಂದುಕೊಡುತ್ತಿರುವುದು ಬಾಯಿಪಾಠ ಮಾಡಿದ ಸೂತ್ರಗಳಲ್ಲ. ಈಗಂತೂ ಪ್ರೋಗ್ರಾಂ ಬರೆಯುವ ಕೆಲಸದ ಬಹುಪಾಲನ್ನು ಯಂತ್ರವೇ ಮಾಡುತ್ತದೆ. ಅದು ಬರೆದದ್ದು ಎಲ್ಲ ಸಂದರ್ಭದಲ್ಲೂ ಸರಿಯೇ, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂದು ಹೇಳಲು ಒಬ್ಬ ಮನುಷ್ಯ ಬೇಕು. ‘ಹ್ಯಾಂಗ ಹಾಕಿದ್ರೂ ಕೂಡಂಗಿಲ್ಲ’ ಎಂದು ಬಾಗಿಲಲ್ಲಿ ನಿಂತೇ ಹೇಳಬಲ್ಲವನು.

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಗೆ ಏನು ಕೊಡಬೇಕೆಂದು ಬೆಳಿಗ್ಗೆಯಿಂದ ಚರ್ಚೆ ನಡೆದಿದೆ. ಸ್ಮಾರ್ಟ್ ಕ್ಲಾಸಿಗೆ ನನ್ನ ವಿರೋಧವಿಲ್ಲ, ನನ್ನ ಪಾಲು ಕೊಟ್ಟಿದ್ದೇನೆ. ಅದರ ಜೊತೆಗೆ ಒಂದು ಸಣ್ಣ ಕೋರಿಕೆ. ವರಾಂಡದ ನೆಲ ಹೊಸದಾಗಿ ಹಾಸುವಾಗ ಒಂದು ಕಡೆ ಎರಡು ಬಣ್ಣದ ಕಲ್ಲಿನಿಂದ ಎಂಟು ಎಂಟರ ಪಟ, ಇನ್ನೊಂದು ಕಡೆ ಐದು ಐದರ ಪಟ ಹಾಸಿರಿ. ಖರ್ಚು ಹೆಚ್ಚಾಗದು. ಕೂಲಿ ಬೇಡ, ತಾನೇ ಬಂದು ಹಾಸಿಕೊಡುತ್ತೇನೆ ಎಂದು ಗೆಳೆಯ ಒಪ್ಪಿದ್ದಾನೆ. ಅಲ್ಲಿ, ಹಿಂದೆ ಬೇವಿನ ಗಿಡದ ಹತ್ತಿರ ನಿಂತಿದ್ದಾನೆ, ನಾಚಿಕೆ ಸ್ವಭಾವ, ಅವನನ್ನು ವೇದಿಕೆಗೆ ಕರೆಯಬೇಡಿ. ಗಣಿತದ ಗುರುಗಳಿಗೆ ಒಂದು ವಿನಂತಿ: ವಾರಕ್ಕೆ ಒಂದು ಪೀರಿಯಡ್ ಅಲ್ಲ, ಶನಿವಾರದ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಸಾಕು. ಮಕ್ಕಳು ಆಡಲಿ. ಗೆದ್ದವರಿಗೆ ಬಹುಮಾನ ಬೇಡ. ಯಾಕೆ ಗೆದ್ದೆ ಎಂದು ಸೋತವರಿಗೆ ತಿಳಿಯುವ ಹಾಗೆ ಹೇಳಿದವರಿಗೆ ಒಂದು ಪೆನ್ನು ಕೊಡಿ, ಆ ಪೆನ್ನುಗಳ ಖರ್ಚು ನನ್ನದು.

ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿದೆಯಂತೆ. ವೇದಿಕೆಯ ಕೆಳಗೆ ಆರು ಆರರ ಪಟ ಬರೆದಿಟ್ಟಿದ್ದೇನೆ, ರಟ್ಟಿನ ಪರಸಿಗಳೂ ಇವೆ. ಯಾರು ಬೇಕಾದರೂ ನನ್ನ ಜೊತೆ ಆಡಲು ಬರಬಹುದು. ನೀವು ಅತಿಥಿಗಳು, ಮೊದಲು ಇಡುವ ಗೌರವ ನಿಮಗೇ.